ಸೋದರಮಾವ ಮುನಿಸಿಕೊಂಡ ಒಂಬತ್ತು ದಿನ

ನಮ್ಮ ಕಡೆಯ ಮದುವೆಗಳಲ್ಲಿ ಯಾರಾದರೊಬ್ಬರು ಮುನಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಅದು ಮದುವೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಉಡುಗೊರೆಯೆಂದು ಆಯೇರಿಯಲ್ಲಿ ಬಂದ ಬಟ್ಟೆ ತೆಳುವಾಗಿತ್ತೆಂದು ಒಬ್ಬರಿಗೆ ಸಿಟ್ಟು, ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂಡಿಸಿದರೆಂದು ಇನ್ನೊಬ್ಬರಿಗೆ ಸಿಟ್ಟು. ಸಿಟ್ಟಾದವರು ಗೋಡೆಗೆ ಮುಖ ಮಾಡಿ ಕೂಡುತ್ತಾರೆ. ನಾಲ್ಕು ಜನ ಹಿರಿಯರು ಹೋಗಿ ರಮಿಸುತ್ತಾರೆ. ಅವರು ಬೇಡ ಬೇಡ ಎನ್ನುತ್ತಲೇ ಎದ್ದು ಬಂದು ಉಳಿದವರಿಗಿಂತ ಎರಡು ಹೋಳಿಗೆ ಹೆಚ್ಚು ತಿನ್ನುತ್ತಾರೆ.

ನಾನು ಮಾತ್ರ ಐವತ್ತು ದಾಟುವವರೆಗೂ ಒಮ್ಮೆಯೂ ಮುನಿಸಿಕೊಂಡವನಲ್ಲ. ಕುಷ್ಟಗಿಯಲ್ಲಿ ಮಕ್ಕಳಿಗೆ ಗಣಿತ ಹೇಳುವ ಮಾಸ್ತರ ನಾನು. ಆಯೇರಿ ಎಂದು ಕೈವಸ್ತ್ರ ಕೊಟ್ಟರೂ ಹೆಗಲಿಗೆ ಹಾಕಿಕೊಂಡು ಊಟಕ್ಕೆ ನಡೆದವನು. ಇದು ಒಳ್ಳೆಯತನ ಎಂದು ನಾನು ತಿಳಿದಿದ್ದೆ. ಬರೀ ಸೋಮಾರಿತನ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅಕ್ಕನ ಮಗಳ ಮದುವೆಯ ಸಲುವಾಗಿ ನಾನು ಒಂಬತ್ತು ದಿನ ಮುನಿಸಿಕೊಂಡೆ. ಈಗ ನಾಲ್ಕೂ ತಾಲ್ಲೂಕಿನ ನಮ್ಮ ಬಳಗದಲ್ಲಿ ನನ್ನ ಸಿಟ್ಟಿಗೆ ದೊಡ್ಡ ಹೆಸರಿದೆ.

ಅಕ್ಕನನ್ನು ಕೊಟ್ಟಿದ್ದು ಹಿಟ್ನಾಳಕ್ಕೆ. ಅವಳಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳಿಗೆ ಇಪ್ಪತ್ತು ತುಂಬಿತ್ತು. ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ರಕ್ತ ಪರೀಕ್ಷೆಯ ಲ್ಯಾಬ್ ಕೋರ್ಸ್ ಕಲಿಯುತ್ತಿದ್ದಳು. ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಅವಳು ಒಂದು ಘೋರ ಅಪರಾಧ ಮಾಡಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ತನ್ನ ಕ್ಲಾಸಿನ ಹುಡುಗನೊಬ್ಬನ ಜೊತೆ ನಿಂತು ಒಂದೇ ಪ್ಲೇಟಿನಲ್ಲಿ ಗಿರ್ಮಿಟ್ ತಿಂದಳು. ಪ್ಲೇಟು ಒಂದು, ಚಮಚ ಎರಡು. ಅದನ್ನು ನಮ್ಮ ಬಳಗದ ಮೂವರು ಬೇರೆ ಬೇರೆ ದಿಕ್ಕಿನಿಂದ ನೋಡಿದರಂತೆ. ಸಂಜೆಯೊಳಗೆ ಸುದ್ದಿ ಊರು ಮುಟ್ಟಿತು. ಹುಡುಗನ ಜಾತಿ ಯಾವುದು ಎಂದು ಮೊದಲು ಕೇಳಿದರು. ಆ ಹುಡುಗನಿಗೂ ನಿನಗೂ ಏನು ಎಂದು ಅವಳನ್ನು ಕೊನೆಗೂ ಕೇಳಲಿಲ್ಲ. ಕೇಳಿದ್ದರೆ ಅವಳು, "ಅಂವ ನನ್ ನೋಟ್ಸ್ ನೋಡಿ ಪಾಸ್ ಆಗ್ತಾನ, ಅದಕ್ಕ ಗಿರ್ಮಿಟ್ ಕೊಡಿಸ್ದ" ಎಂದು ಹೇಳುತ್ತಿದ್ದಳು. ಮುಂದೆ ನನಗೆ ಹಾಗೆಯೇ ಹೇಳಿದಳು.

ಹದಿನೈದು ದಿನದಲ್ಲಿ ಕಾರಟಗಿಯ ಒಂದು ಮನೆಯ ವರನನ್ನು ಗೊತ್ತು ಮಾಡಿದರು. ಹುಡುಗಿ ಒಲ್ಲೆ ಎಂದಳು. ಕಾಲೇಜು ಬಿಡಿಸಿದರು, ಫೋನು ಕಸಿದುಕೊಂಡರು. ಹಿಟ್ನಾಳದ ಮನೆಯಲ್ಲಿ ಅವಳ ಅಣ್ಣ ಕಟ್ಟೆಯ ಮೇಲೆ ಕಾವಲು ಕುಳಿತ.

ಸುದ್ದಿ ಕೇಳಿ ನಾನು ಹಿಟ್ನಾಳಕ್ಕೆ ಹೋದೆ. ಓದಿದ ಮನುಷ್ಯ, ನಾಲ್ಕು ಮಾತು ತಿಳಿಸಿ ಹೇಳಿದರೆ ಕೇಳುತ್ತಾರೆ ಎಂಬ ಭ್ರಮೆ ಮಾಸ್ತರಿಕೆಯ ಜೊತೆಗೇ ಬರುತ್ತದೆ. ಭಾವ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, ಎಲೆಯಡಿಕೆಯ ತಟ್ಟೆ ಮುಂದಿಟ್ಟು, ತಣ್ಣಗೆ ಹೇಳಿದ:

"ಮಾಸ್ತರ, ನೀವು ಸಾಲ್ಯಾಗ ಮಕ್ಕಳಿಗೆ ಮಗ್ಗಿ ಕಲಸ್ರಿ. ನಮ್ಮ ಮನಿ ಹೆಣ್ಮಗಳ ಮಾತು ನಮಗ ಬಿಡ್ರಿ. ಇನ್ನೊಮ್ಮೆ ಒಲ್ಲೆ ಅಂದ್ರ ಅಕಿನ್ನ ಕಡಿದು ಕಾಲುವಿಗೆ ಹಾಕ್ತೀನಿ. ನನಗ ಮರ್ಯಾದಿ ದೊಡ್ಡದು."

ಈ ವರ್ಷ ಭತ್ತ ಹೇಗಿದೆ ಎಂದು ಹೇಳುವ ದನಿಯಲ್ಲೇ ಇದನ್ನೂ ಹೇಳಿದ. ಹುಡುಗಿ ನೀರು ತಂದು ಕೊಟ್ಟಳು. ಕೆಳತುಟಿ ಒಡೆದು ಬಾತಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. "ಬಾಗಿಲಾ ಬಡೀತು ಮಾಮಾ" ಎಂದಳು. ನಾನು ನೀರು ಕುಡಿದು, ಬಸ್ಸು ಹತ್ತಿ, ಮನೆಗೆ ಬಂದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ನಾನು ಅವತ್ತು ಮಾಡಿದ್ದು ಅಷ್ಟೇ. ನನಗೆ ಭಾವನ ಭಯವಿತ್ತು.

ನಾಲ್ಕು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಮಾಮಾ, ನಾನು. ಬ್ಲೌಸ್ ಅಳತಿ ಕೊಡಾಕ ಕೊಪ್ಪಳಕ್ಕ ಕರ್ಕೊಂಡು ಬಂದಾರ. ಟೇಲರ್ ಅಕ್ಕನ ಫೋನ್ ಇದು. ನಮ್ಮ ಚಿಗವ್ವ ಹೊರಗ ನಿಂತಾಳ. ಐದು ನಿಮಿಷ ಐತಿ."

"ಪೊಲೀಸ್ ಕಂಪ್ಲೇಂಟ್ ಕೊಡೂಣವ್ವಾ. ನಾ ಬರ್ತೀನಿ."

"ಪೊಲೀಸ್ರು ಬಂದು ಬುದ್ಧಿ ಹೇಳಿ ಹೋಗ್ತಾರ ಮಾಮಾ. ಆಮ್ಯಾಲ ನಾನೂ ಅವ್ವಾನೂ ಅದ ಮನ್ಯಾಗ ಇರಬೇಕಲ್ಲ. ಅಪ್ಪ ಹೇಳಿದ್ದು ಬರೇ ಬಾಯಿ ಮಾತಲ್ಲ. ನೀ ಒಂದ್ ಕೆಲಸ ಮಾಡು. ಸಿಟ್ಟಾಗು."

"ಯಾರ ಮ್ಯಾಲ?"

"ಯಾರ ಮ್ಯಾಲರ ಆಗು, ಯಾವದಕ್ಕರ ಆಗು. ಸ್ವಾದರಮಾವ ಬಾಸಿಂಗ ಕಟ್ಟಿ ಕೈ ಹಿಡಕೊಂಡು ಮಂಟಪಕ್ಕ ತರಲಿಲ್ಲ ಅಂದ್ರ ನಮ್ಮ ಮನ್ಯಾಗ ಅಕ್ಕಿಕಾಳ ಬೀಳಂಗಿಲ್ಲ. ನಾ ಮಾತಾಡಿದ್ರ ಬಡೀತಾರ. ನೀ ಮಾತಾಡೂದು ಬಿಟ್ರ ಓಡಿ ಬರ್ತಾರ, ನೋಡ್ತಿರು."

ಇಪ್ಪತ್ತು ವರ್ಷದ ಹುಡುಗಿಗೆ ನಮ್ಮ ಬಳಗ ಎಷ್ಟು ಚೆನ್ನಾಗಿ ಅರ್ಥವಾಗಿತ್ತು! ನಾನು ಇಷ್ಟು ವರ್ಷ ಬರೀ ಹೋಳಿಗೆ ತಿಂದಿದ್ದೆ.

ಮುನಿಸಿಗೆ ಒಂದು ಕಾರಣ ಬೇಕಲ್ಲ. ಅದು ವಾಟ್ಸಾಪಿನಲ್ಲಿ ತಾನೇ ಬಂತು. ಲಗ್ನಪತ್ರಿಕೆಯನ್ನು ದೇವರ ಮುಂದಿಟ್ಟ ಮೇಲೆ ಮೊದಲು ಸೋದರಮಾವನ ಮನೆಗೆ ಕುಂಕುಮ ಹಚ್ಚಿ ಒಯ್ಯಬೇಕು. ಭಾವನಿಗೆ ಅವಸರವಿತ್ತಲ್ಲ, ಪತ್ರಿಕೆಯ ಫೋಟೋ ಕಳಿಸಿ ಕೆಳಗೆ ಎರಡು ಕೈಮುಗಿದ ಚಿತ್ರ ಹಾಕಿದ್ದ. ಗಂಗಾವತಿಯಲ್ಲಿ ಅಚ್ಚು ಮಾಡಿಸಿದ ಪತ್ರಿಕೆ. ನನ್ನ ಹೆಸರು ಎಲ್ಲಿದೆ ಎಂದು ಹುಡುಕಿದೆ. ಸುಖಾಗಮನ ಬಯಸುವವರ ಸಾಲಿನ ಕೊನೆಯಲ್ಲಿ, ಸೌಂಡ್ ಸಿಸ್ಟಮ್ಮಿನವರ ಹೆಸರಿಗಿಂತ ಒಂದೇ ಗೆರೆ ಮೇಲೆ ಇತ್ತು. ಫೋಟೋ ಹಿಗ್ಗಿಸಿ ನೋಡಬೇಕಾಯಿತು.

ಹೆಂಡತಿಗೆ ತೋರಿಸಿದೆ. ಅವಳ ಮುಖ ಅರಳಿತು. ಮುನಿಸಿನ ವಿಷಯದಲ್ಲಿ ಅವಳ ತವರುಮನೆಯವರು ಪಂಡಿತರು. ಅವಳ ಕಾಕಾ ಒಬ್ಬರು ಮೊಮ್ಮಗನ ಜಾವಳದಲ್ಲಿ ಆದ ಸಿಟ್ಟನ್ನು ಆ ಹುಡುಗನ ಮದುವೆಯವರೆಗೂ ಹಿಡಿದಿದ್ದರು. ಅವತ್ತೇ ನನಗೆ ಪಾಠ ಶುರುವಾಯಿತು.

"ಕಾರಣ ಮೊದ್ಲ ಹೇಳಬ್ಯಾಡ್ರಿ. ಏನಿಲ್ಲ ಬಿಡ್ರಿ ಅನ್ರಿ. ಮಾರಿ ನೋಡಿ ಮಾತಾಡಬ್ಯಾಡ್ರಿ. ಮತ್ತ ಎಲ್ಲಾಕ್ಕಿಂತ ದೊಡ್ಡದು, ಅವರ ಮುಂದ ಚಾ ಕುಡೀಬ್ಯಾಡ್ರಿ. ಚಾ ಕುಡದ್ರ ಸಿಟ್ಟು ಇಳೀತಂತ ಅರ್ಥ. ಆಮ್ಯಾಲ ನೀವು ಏನಂದ್ರೂ ನಡಿಯಂಗಿಲ್ಲ."

"ನೀರು?"

"ನೀರ್ ಕುಡೀರಿ. ಖರೆ ಮಾರಿ ಗಂಟ್ ಹಾಕ್ಕೊಂಡ್ ಕುಡೀರಿ."

ಫೋಟೋಕ್ಕೆ ಉತ್ತರ ಬರಲಿಲ್ಲವೆಂದು ಭಾವನ ತಮ್ಮ ಫೋನು ಮಾಡಿ ಏನಾಯಿತೆಂದು ಕೇಳಿದಾಗ ನಾನು "ಏನಿಲ್ಲ ಬಿಡ್ರಿ" ಎಂದೆ. ಆದರೆ ದನಿ ಎಷ್ಟು ಮೆತ್ತಗಿತ್ತೆಂದರೆ ಅವನು ಅದನ್ನೇ ನಂಬಿ, ಹಾಗಾದರೆ ಸರಿ ಎಂದು ಫೋನು ಇಡಲು ಹೊರಟ. ಹೆಂಡತಿ ಫೋನು ಕಸಿದುಕೊಂಡು, "ಮೂರು ದಿನಾ ಆತು, ಅನ್ನದ ತಾಟು ಮುಟ್ಟಿಲ್ಲ. ಸ್ವಾದರಮಾವಗ ಫೋಟೋದಾಗ ಪತ್ರಿಕಿ ಕೊಡ್ತಾರೇನ್ರಿ?" ಎಂದು ಬಿಕ್ಕಿದಳು. ನಾನು ಆಗಷ್ಟೇ ಮೂರು ರೊಟ್ಟಿ ತಿಂದು ಕೈ ತೊಳೆದಿದ್ದೆ.

ಮರುದಿನವೇ ಇಬ್ಬರು ಹಿರಿಯರು ಬಂದರು. ನಾನು ಗೋಡೆಗೆ ಮುಖ ಮಾಡಿ ಕುಳಿತೆ. ನಮ್ಮ ಗೋಡೆಯ ಮೇಲೆ ಒಂದು ಕ್ಯಾಲೆಂಡರು ಬಿಟ್ಟರೆ ಏನೂ ಇಲ್ಲ. ಆ ವರ್ಷದ ರಜೆಗಳೆಲ್ಲ ನನಗೆ ಬಾಯಿಪಾಠವಾದವು. ಹಿರಿಯರು ಹಿಂದಿನಿಂದ ಮಾತಾಡುತ್ತಲೇ ಇದ್ದರು. "ತಪ್ಪಾಗೈತಿ ಮಾಸ್ತರ. ಹೊಸ ಪತ್ರಿಕಿ ಅಚ್ಚ ಹಾಕಸ್ತೀವಿ" ಎಂದರು. ಹಾಕಿಸಿದರು ಕೂಡ. ಎರಡು ದಿನ ಬಿಟ್ಟು ಹೊಸ ಪತ್ರಿಕೆ ಬಂತು. ಕುಲದೇವರ ಹೆಸರಿನ ಕೆಳಗೆ ನೇರವಾಗಿ ನನ್ನ ಹೆಸರು, ಕೆಂಪು ಅಕ್ಷರದಲ್ಲಿ. ದೇವರಿಗಿಂತ ನಾನೇ ಒಂದು ತೂಕ ದಪ್ಪ ಇದ್ದೆ. ಜೊತೆಗೆ ಆಯೇರಿ, ಜರಿಯಂಚಿನ ಧೋತರ ಮತ್ತು ತಲೆಗೆ ಸುತ್ತುವ ರೇಷ್ಮೆ ಪಟಗ. ನಾನು ತಿರುಗದೆ, "ಬಣ್ಣ ಛಲೋ ಇಲ್ಲ" ಎಂದೆ. ಪಟಗವನ್ನು ನಾನು ನೋಡಿಯೇ ಇರಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಕೆಲಸ ನನಗೆ ರುಚಿಸತೊಡಗಿತು. ಸುಳ್ಳು ಸಿಟ್ಟಿನೊಳಗೆ ಎಲ್ಲಿಂದಲೋ ನಿಜವಾದ ಸಿಟ್ಟು ಬಂದು ಸೇರಿತು. ಅವರ ಮನೆಯ ಗೃಹಪ್ರವೇಶದಲ್ಲಿ ನನಗೆ ಹಾಸಿಗೆ ಸಾಲದೆ ತಾಡಪತ್ರಿಯ ಮೇಲೆ ಮಲಗಿದ್ದು ನೆನಪಾಯಿತು. ಹತ್ತು ವರ್ಷ ಹಿಂದೆ ಭಾವ ನನ್ನನ್ನು "ಬರೇ ಮಾಸ್ತರ" ಎಂದಿದ್ದು ನೆನಪಾಯಿತು. ರಮಿಸಲು ಬಂದವರ ಮುಂದೆ ಇವನ್ನೆಲ್ಲ ಒಂದೊಂದಾಗಿ ತೆಗೆದೆ. ಅವರು ಪ್ರತಿಯೊಂದಕ್ಕೂ ತಲೆ ತಗ್ಗಿಸಿ "ತಪ್ಪಾಗೈತ್ರಿ" ಎಂದರು. ಎಂಥ ಸುಖ! ಹಿರಿಯರು ಹೋದ ಮೇಲೆ ಹೆಂಡತಿ, "ಹುಡುಗಿ ನೆನಪೈತಲ್ರಿ?" ಎಂದು ಕೇಳಿದಳು. ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಪೂರ್ತಿ ನೆನಪಿರಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಎರಡು ಜೀಪು ಬಂದು ನಮ್ಮ ಓಣಿಯಲ್ಲಿ ನಿಂತವು. ಭಾವನ ಅಣ್ಣ, ಆ ಮನೆತನಕ್ಕೇ ಹಿರಿಯರಾದ ಯಜಮಾನರು ಇಳಿದರು. ಅವರ ಹಿಂದೆ ಏಳೆಂಟು ಪಟಗಗಳು ಇಳಿದವು. ಕೊನೆಯಲ್ಲಿ ಭಾವ ಇಳಿದ, ಅವನ ಹಿಂದೆ ತಲೆಯ ಮೇಲೆ ಸೆರಗು ಎಳೆದುಕೊಂಡು ಅಕ್ಕ. ಹುಡುಗಿಯನ್ನು ಹಿಟ್ನಾಳದಲ್ಲೇ ಅಣ್ಣನ ಕಾವಲಿನಲ್ಲಿ ಬಿಟ್ಟು ಬಂದಿದ್ದರು. ಮದುವೆಗೆ ಆರು ದಿನವಿತ್ತು.

ಯಜಮಾನರು ಚಾಪೆಯ ಮೇಲೆ ಕುಳಿತು ಸ್ವತಃ ಕೈಮುಗಿದರು. ಎಪ್ಪತ್ತೈದು ದಾಟಿದ ಮನುಷ್ಯ ನನ್ನ ಬೆನ್ನಿಗೆ ಕೈಮುಗಿದಿದ್ದು ಕ್ಯಾಲೆಂಡರಿನ ಹೊಳಪಿನಲ್ಲಿ ಕಂಡಿತು. ಆಮೇಲೆ ಭಾವ ಬಂದು, ಹಲ್ಲು ಕಚ್ಚಿಕೊಂಡೇ ಆದರೂ, "ನಂದು ತಪ್ಪಾತು ಮಾಸ್ತರ" ಎಂದ. ನಾನು ಕರಗಿಬಿಟ್ಟೆ. ಮೂವತ್ತು ವರ್ಷ ಜನ ಕರೆದಲ್ಲಿಗೆ ಹೋದ ಮನುಷ್ಯನಿಗೆ ಇಷ್ಟು ಮರ್ಯಾದೆ ಒಮ್ಮೆಲೇ ಸಿಕ್ಕರೆ ತಲೆ ನಿಲ್ಲುವುದಿಲ್ಲ. ಯಾರೋ ನನ್ನ ಭುಜ ಹಿಡಿದು ತಿರುಗಿಸಿದರು. ಯಾರೋ ಕೈಗೆ ಕಪ್ಪು ಕೊಟ್ಟರು. ಏಲಕ್ಕಿ ಹಾಕಿದ ಚಹಾ. ಕುಡಿದೆ.

"ಬಗಿಹರೀತು!" ಎಂದರು ಯಜಮಾನರು. ಪಟಗಗಳೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟವು. ಮೈಸೂರುಪಾಕಿನ ಡಬ್ಬಿ ಬಿಚ್ಚಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಹಣೆ ಬಡಿದುಕೊಂಡಳು. ಆಗ ನನಗೆ ನಾನು ಏನು ಮಾಡಿದೆ ಎಂಬುದು ತಿಳಿಯಿತು. ಕಪ್ಪನ್ನು ಕೆಳಗಿಟ್ಟೆ. ಒಂದು ಕಪ್ಪು ಚಹಾಕ್ಕೆ ಒಬ್ಬ ಹುಡುಗಿಯನ್ನು ಕೊಟ್ಟುಬಿಟ್ಟಿದ್ದೆ.

ಇನ್ನು ಮುನಿಸಿಗೆ ಕಾರಣವೇ ಉಳಿದಿರಲಿಲ್ಲ. ಉಳಿದಿದ್ದು ನಿಜ ಒಂದೇ. ಅದನ್ನೇ ಹೇಳಿದೆ.

"ನನಗ ಸಿಟ್ಟಿಲ್ರಿ. ಪತ್ರಿಕಿ ಬ್ಯಾಡ, ಪಟಗ ಬ್ಯಾಡ. ಹುಡುಗಿಗೆ ಈ ಲಗ್ನ ಬ್ಯಾಡಾಗೈತಿ. ಅದಕ್ಕ ಇಷ್ಟೆಲ್ಲಾ ಮಾಡ್ದೆ. ಅಕಿನ್ನ ಬಡದಾರ್ರಿ. ಕಡಿದು ಹಾಕ್ತೀನಿ ಅಂದಾರ. ನಾ ಬಾಸಿಂಗ ಕಟ್ಟಂಗಿಲ್ಲ."

ಭಾವನ ಕೈ ಬಂದಿದ್ದು ನನಗೆ ಕಾಣಲಿಲ್ಲ. ಕೆನ್ನೆ ಉರಿಯಿತು, ಕನ್ನಡಕ ಹಾರಿ ಮೈಸೂರುಪಾಕಿನ ಡಬ್ಬಿಯಲ್ಲಿ ಬಿತ್ತು. ಪಟಗಗಳೆಲ್ಲ ಎದ್ದು ನಿಂತವು. "ಏ, ಸ್ವಾದರಮಾವನ ಮ್ಯಾಲ ಕೈ ಮಾಡ್ತಿಯೇನಲೇ!" ಎಂದು ಯಜಮಾನರು ಗುಡುಗಿದರು. ಇಬ್ಬರು ಭಾವನನ್ನು ಹಿಡಿದು ಕೂಡಿಸಿದರು. ಅನಾಹುತವಾಯಿತು, ಮನೆತನದ ಹೆಸರು ಹೋಯಿತು ಎಂದು ಎಲ್ಲರೂ ಒಟ್ಟಿಗೆ ಮಾತಾಡಿದರು. ನನ್ನ ಕೆನ್ನೆಗೆ ಇಷ್ಟು ಗದ್ದಲ ಮಾಡಿದ ಜನರಲ್ಲಿ ಒಬ್ಬರೂ ಹುಡುಗಿಯ ತುಟಿ ಒಡೆದಾಗ ಕುಳಿತಲ್ಲಿಂದ ಎದ್ದಿರಲಿಲ್ಲ. ಆಗ ನನಗೆ ಬಂದದ್ದು ಮಾತ್ರ ನಿಜವಾದ ಸಿಟ್ಟು. ಆದರೆ ನನಗೆ ಅದನ್ನು ಮಾಡಿ ಅಭ್ಯಾಸವಿಲ್ಲವಲ್ಲ, ಬರೀ ಕೆನ್ನೆ ಹಿಡಿದುಕೊಂಡು ನಿಂತೆ.

ಈ ಗದ್ದಲದ ನಡುವೆ ಅಕ್ಕ ಎದ್ದಳು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಚಾಪೆ ದಾಟಿ ಬಂದು, ನಾನು ಒಂಬತ್ತು ದಿನ ಕುಳಿತಿದ್ದ ಜಾಗದಲ್ಲಿ, ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು.

"ಏನವ್ವಾ ಇದು?" ಎಂದರು ಯಜಮಾನರು.

"ನಾನೂ ಸಿಟ್ಟಾಗೀನಿ. ಇಪ್ಪತ್ನಾಲ್ಕು ವರ್ಷ ಆತು. ನನ್ನ ರಂಬಸಾಕ ಯಾರೂ ಬಂದಿಲ್ಲ. ಇವತ್ತ ಎಲ್ಲಾರೂ ಕೂಡೀರಿ, ಛಲೋ ಆತು. ರಂಬಸ್ರಿ."

ಗಂಡಸರ ಸಿಟ್ಟಿಗೆ ಯಾವ ಬಟ್ಟೆ, ಎಷ್ಟು ಜನ, ಯಾವ ಮಾತು ಎಂಬುದೆಲ್ಲ ಆ ಹಿರಿಯರಿಗೆ ಕರತಲಾಮಲಕ. ಹೆಣ್ಣಿನ ಸಿಟ್ಟನ್ನು ಇಳಿಸುವ ಪದ್ಧತಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬ ಹಿರಿಯರು ಅಂದಾಜಿನ ಮೇಲೆ "ಸೀರಿ..." ಎಂದರು.

"ಸೀರಿ ಬ್ಯಾಡ."

"ಬಂಗಾರ..."

"ಬ್ಯಾಡ."

"ಮತ್ತೇನ್ ಬೇಕವ್ವಾ ನಿನಗ?"

"ನನ್ ಮಗಳ್ನ ಕೇಳ್ರಿ. ಒಂದ ಸಲ. ಬೈಲಾರದ, ಬಡೀಲಾರದ ಕೇಳ್ರಿ. ಅಲ್ಲೀ ತನಕಾ ನಾ ಇಲ್ಲಿಂದ ಏಳಂಗಿಲ್ಲ. ಹಡೆದಾಕಿ ಇಲ್ಲದ ಧಾರಿ ಹೆಂಗ ಎರೀತೀರಿ, ಎರೀರಿ ನೋಡೂಣು."

ಭಾವ ಎದ್ದ. ಅವನು ಎರಡನೇ ಹೆಜ್ಜೆ ಇಡುವ ಮೊದಲೇ ನಾನು ಹೋಗಿ ಅಕ್ಕನ ಬೆನ್ನಿಗೆ ಬೆನ್ನು ಹಚ್ಚಿ ಕುಳಿತೆ. ಕನ್ನಡಕವಿಲ್ಲದೆ ಭಾವ ಮಸುಕಾಗಿ ಕಾಣುತ್ತಿದ್ದ. ಅದರಿಂದ ಧೈರ್ಯಕ್ಕೆ ಬಹಳ ಅನುಕೂಲವಾಯಿತು. ಅಡುಗೆಮನೆಯಿಂದ ನನ್ನ ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು. ಅವಳ ಕೈಯಲ್ಲಿ ಲಟ್ಟಣಿಗೆ ಇತ್ತು. ಭಾವ ನಿಂತಲ್ಲೇ ನಿಂತ.

ಯಜಮಾನರು ಫೋನು ತೆಗೆದು ಹುಡುಗಿಯ ಅಣ್ಣನ ನಂಬರು ಹಚ್ಚಿದರು. ಅವರಿಗೆ ಕಿವಿ ಮಂದ, ಸ್ಪೀಕರು ಸದಾ ಹಾಕಿಯೇ ಇರುತ್ತದೆ. "ನಿಮ್ ತಂಗಿ ಕೈಯಾಗ ಫೋನ್ ಕೊಡು. ಕೊಟ್ಟು ಹೊರಗ ಹೋಗು" ಎಂದರು. ಅವಳು ಫೋನು ಹಿಡಿದದ್ದು ಗೊತ್ತಾಯಿತು. ಹುಡುಗಿಯರನ್ನು ಏನಾದರೂ ಕೇಳಿ ಯಜಮಾನರಿಗೆ ರೂಢಿಯಿರಲಿಲ್ಲ. ಎರಡು ಸಲ ಕೆಮ್ಮಿದರು.

"ಊಟಾತೇನವ್ವಾ?"

"ಹೂಂ ದೊಡ್ಡಪ್ಪಾ."

"ಈ ಲಗ್ನ... ನಿನಗ ಒಪ್ಪಿಗಿ ಐತೋ ಇಲ್ಲೋ?"

"ದೊಡ್ಡಪ್ಪಾ, ಅವ್ವ ಅಲ್ಲೇ ಅದಾಳೇನು?"

"ಅದಾಳ."

"ಅಕಿಗೆ ಬಡದಾರೇನು?"

ಯಜಮಾನರು ತಮ್ಮನ ಕಡೆ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಕುಳಿತ ಅಕ್ಕನನ್ನು ನೋಡಿದರು. "ಇಲ್ಲವ್ವಾ. ನಾ ಅದೀನಿ" ಎಂದರು.

"ಹಂಗಾದ್ರ ಹೇಳ್ತೀನಿ. ಒಲ್ಲೆ."

"ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲವ್ವಾ ನನಗ?"

"ಹೇಳಿದ್ದೆ ದೊಡ್ಡಪ್ಪಾ. ಮೂರು ಸಲ ನಿಮ್ಮ ಮುಂದ ಬಂದು ಹೇಳಿದ್ದೆ. ನೀವು ಟಿವಿ ನೋಡಾಕತ್ತಿದ್ರಿ."

ಅಕ್ಕನ ಬೆನ್ನು ನನ್ನ ಬೆನ್ನಿಗೆ ತಾಗಿ ಅಲುಗುತ್ತಿತ್ತು. ಅವಳು ಅಳುತ್ತಿದ್ದಳು. ನಾನೂ ಅತ್ತೆ, ಕನ್ನಡಕ ಇಲ್ಲದ್ದರಿಂದ ಒರೆಸಿಕೊಳ್ಳಲು ಸಲೀಸಾಯಿತು. ಯಜಮಾನರು ಫೋನು ಕಿಸೆಯಲ್ಲಿಟ್ಟು, "ಒಂದು ಜೀಪು ಕಾರಟಗಿಗೆ ಹೋಗ್ಲಿ. ಇನ್ನೊಂದು ಹಿಟ್ನಾಳಕ್ಕ, ಹುಡುಗೀನ್ನ ಇಲ್ಲಿಗೆ ಕರ್ಕೊಂಡು ಬರ್ಲಿ" ಎಂದರು. ಹುಡುಗಿ ಅವತ್ತು ಸಂಜೆಯೊಳಗೆ ಪುಸ್ತಕಗಳ ಸಮೇತ ಬಂದಳು. ಪರೀಕ್ಷೆ ಬರೆದಳು. ತಾಯಿ ಮಗಳು ನಮ್ಮಲ್ಲಿ ಏಳು ತಿಂಗಳಿದ್ದರು. ಅಕ್ಕ ಆಮೇಲೆ ತನ್ನ ಷರತ್ತಿನ ಮೇಲೆ ಹಿಟ್ನಾಳಕ್ಕೆ ಹೋದಳು, ಮಗಳು ಹೋಗಲಿಲ್ಲ. ಭಾವ ನಮ್ಮ ಮನೆ ಕಡೆ ಬರುವುದನ್ನೇ ಬಿಟ್ಟಿದ್ದಾನೆ. ಅವನ ಸಿಟ್ಟು ಅಸಲಿ, ಯಾರೂ ರಮಿಸಲು ಹೋಗಿಲ್ಲ.

ಕಾರಟಗಿಯವರಿಗೆ ಏನೆಂದು ಹೇಳುವುದು ಎಂಬ ಪ್ರಶ್ನೆ ಮಾತ್ರ ಹಿರಿಯರಿಗೆ ದೊಡ್ಡದಾಗಿ ಕಾಡಿತು. ಹುಡುಗಿ ಒಲ್ಲೆ ಅಂದಳು ಎಂದರೆ ಮನೆತನದ ಮರ್ಯಾದೆ ಹೋಗುತ್ತದಂತೆ. ಅದಕ್ಕೆ ಸೋದರಮಾವನ ಸಿಟ್ಟು ಇಳಿಯಲೇ ಇಲ್ಲ, ಮಹಾ ಹಟಮಾರಿ ಮನುಷ್ಯ, ಮದುವೆ ನಿಲ್ಲಿಸಿದ ಎಂದು ಹೇಳಿದರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಆ ಮಾತು ಕನಕಗಿರಿಯವರೆಗೂ ಹೋಯಿತು. ಈಗ ನಮ್ಮ ಬಳಗದಲ್ಲಿ ಎಲ್ಲಿ ಮದುವೆಯಾದರೂ ಪತ್ರಿಕೆಯ ಕರಡನ್ನು ಮೊದಲು ನನಗೆ ತೋರಿಸಿ, ಅಕ್ಷರ ಸಾಕೇನ್ರಿ ಎಂದು ಕೇಳುತ್ತಾರೆ.

ಹೋದ ಬೇಸಿಗೆಯಲ್ಲಿ ಗಂಗಾವತಿಯ ಒಂದು ಮದುವೆಗೆ ಹೋಗಿದ್ದೆವು. ಅಕ್ಕನ ಮಗಳೂ ಬಂದಿದ್ದಳು. ಅವಳು ಈಗ ಯಲಬುರ್ಗಾದಲ್ಲಿ ಲ್ಯಾಬಿನ ಕೆಲಸದಲ್ಲಿದ್ದಾಳೆ. ಊಟದ ಪಂಕ್ತಿಯಲ್ಲಿ ಎದುರು ಕುಳಿತ ಒಬ್ಬ ಮುದುಕಿ ನನ್ನನ್ನು ಗುರುತು ಹಿಡಿದು, ಪಕ್ಕದಲ್ಲಿದ್ದ ತನ್ನ ಮೊಮ್ಮಗಳಿಗೆ ತೋರಿಸಿದಳು.

"ಇವರ ನೋಡು. ಹೆಸರು ಸಣ್ಣದಾತಂತ ಲಗ್ನಾನ ನಿಲ್ಲಿಸಿದವರು. ಏನ್ ಗಂಡಸರವ್ವಾ!"

ನಾನು ಎಂದಿನಂತೆ ಗಂಭೀರವಾಗಿ ಮೀಸೆ ಮುಟ್ಟಿಕೊಂಡೆ. ನನ್ನ ಪಕ್ಕದಲ್ಲಿದ್ದ ಅಕ್ಕನ ಮಗಳು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟಳು.

"ಅಜ್ಜಿ, ಲಗ್ನ ನಿಲ್ಲಿಸಿದಾಕಿ ನಾನು. ಮಾಮಾ ಅಲ್ಲ. ನಾ ಒಲ್ಲೆ ಅಂದೆ."

ಅಕ್ಕಪಕ್ಕದ ಎಲೆಗಳಲ್ಲಿ ಕೈಗಳು ನಿಂತವು. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡು ನಾನು ಮಾತಿಗೆ ತಯಾರಾದೆ. ಮುದುಕಿ ತನ್ನ ಎಲೆಯನ್ನು ಬದಿಗೆ ಸರಿಸಿ, ತನ್ನ ಮತ್ತು ಮೊಮ್ಮಗಳ ನಡುವೆ ಜಾಗ ಮಾಡಿದಳು.

"ಈ ಕಡೆ ಬಂದು ಕುಂದ್ರು ಬಾ ಯವ್ವಾ" ಎಂದಳು. "ಹೆಂಗ ಅಂದಿ, ಇಕಿಗೆ ಒಂದೀಟು ಹೇಳು."